ಹಿತ್ತಲ ಕಾಡು ಮತ್ತು ನಮ್ಮ ಅಡುಗೆಮನೆ



ನಮ್ಮ ಹೋಟೆಲಿನಲ್ಲಿ ಹಲಸಿನ ಮರದ ಎಂಟು ಮೇಜುಗಳಿವೆ. 2003ರಲ್ಲಿ ಹೋಟೆಲು ಹೊಸದು ಮಾಡಿದಾಗ ಕುಂದಾಪುರದ ಕಡೆ ಇರುವ ನಮ್ಮ ಊರಮನೆಯ ಹಿತ್ತಲಿನಿಂದ ನಾಲ್ಕು ಮರ ಕಡಿಸಿ, ಅಲ್ಲೇ ಕೊಯ್ಯಿಸಿ, ಲಾರಿಯಲ್ಲಿ ಮುಂಬಯಿಗೆ ತರಿಸಿದೆವು. ಗಟ್ಟಿ ಮರ, ಗೆದ್ದಲು ಮುಟ್ಟುವುದಿಲ್ಲ, ಒರೆಸಿದಷ್ಟೂ ಹೊಳಪು. ಬಂದ ಗಿರಾಕಿಗಳು ಇಂದಿಗೂ ಮೆಚ್ಚುತ್ತಾರೆ. ಮರ ಕಡಿಸಿದ ದಿನ ನಮ್ಮ ಅಮ್ಮ ಒಂದು ಮಾತು ಹೇಳಿದ್ದರು: “ಮಗಾ, ಮೇಜೇನೋ ಸಿಕ್ಕತ್ತ್, ಹಣ್ಣ್ ಎಲ್ಲಿಂದ ಸಿಕ್ಕತ್ತ್?” ಊರಿನಲ್ಲಿ ಹಲಸಿಗೇನು ಬರಗಾಲ ಎಂದು ನಾವು ನಕ್ಕಿದ್ದೆವು.

ಈಗ ಅದೇ ಮೇಜಿನ ಮೇಲೆ ಹಲಸಿನ ಪದಾರ್ಥ ಬಡಿಸಬೇಕಾದರೆ ನಾವು ಡಬ್ಬಿಯ ಹಲಸನ್ನು ಬಿಲ್ಲು ಕೊಟ್ಟು ತರುತ್ತೇವೆ. ಪುನರ್ಪುಳಿ ಸಿಪ್ಪೆಯನ್ನು ಮೂರನೆಯ ಕೈಯಿಂದ ಕೊಳ್ಳುತ್ತೇವೆ. ಒಂದು ವರ್ಷ ಹಾಗೆ ಕೊಂಡ ಸಿಪ್ಪೆಯನ್ನು ನೀರಿಗೆ ಹಾಕಿದರೆ ಬಣ್ಣ ಮಾತ್ರ ಕೆಂಪಗೆ ಬಿಟ್ಟಿತು, ಹುಳಿ ಬರಲೇ ಇಲ್ಲ. ಹಿರಿಯ ಗಿರಾಕಿಯೊಬ್ಬರು ಸಾರು ಸುರಿದುಕೊಂಡು, “ಇದು ನಿಮ್ಮ ಮನೆಯ ಸಾರಲ್ಲ ಮಾರಾಯ್ರೆ” ಎಂದು ಲೋಟ ಕೆಳಗಿಟ್ಟರು. ಗಲ್ಲಾದಲ್ಲಿ ಕೂತ ನಮಗೆ ಉತ್ತರ ಹೊಳೆಯಲಿಲ್ಲ. ನಮ್ಮ ಹೋಟೆಲಿನ ರುಚಿ ಭಟ್ಟರ ಕೈಯಲ್ಲಿ ಎಷ್ಟಿದೆಯೋ ಅಷ್ಟೇ ಊರಿನ ಮರಗಳಲ್ಲಿಯೂ ಇದೆ ಎಂಬುದು ಆ ದಿನ ಗೊತ್ತಾಯಿತು.

ಆದ್ದರಿಂದ ಈ ಸಲ ಗ್ಯಾಸಿನ ರೇಟು, ಕೆಲಸಗಾರರ ತೊಂದರೆ ಇವನ್ನೆಲ್ಲ ಪಕ್ಕಕ್ಕಿಟ್ಟು ಮರಗಳ ವಿಷಯ ಬರೆಯುತ್ತಿದ್ದೇವೆ. ನಾವು ಓದಿದ್ದು ಹತ್ತನೇ ಕ್ಲಾಸು. ಕೃಷಿ ಪಂಡಿತರೇನಲ್ಲ. ಕೇಳಿ, ನೋಡಿ, ಸ್ವಲ್ಪ ಕೈ ಸುಟ್ಟುಕೊಂಡು ಕಲಿತದ್ದನ್ನು ಪಾಠದ ಹಾಗೆ ಜೋಡಿಸಿದ್ದೇವೆ.

ಆಹಾರದ ಕಾಡು ಎಂದರೇನು?

ಇಂಗ್ಲಿಷಿನವರು ‘ಫುಡ್ ಫಾರೆಸ್ಟ್’ ಎನ್ನುತ್ತಾರೆ. ಕನ್ನಡದಲ್ಲಿ ಆಹಾರದ ಕಾಡು ಎನ್ನಬಹುದು, ಕಾಡುತೋಟ ಎನ್ನಬಹುದು. ಕಾಡು ಹೇಗೆ ತಾನೇ ನಿಂತಿರುತ್ತದೋ ಹಾಗೆ ನಿಲ್ಲುವ, ಆದರೆ ಅದರಲ್ಲಿರುವ ಹೆಚ್ಚಿನ ಗಿಡಮರಗಳು ಮನುಷ್ಯನಿಗೆ ತಿನ್ನಲು ಬರುವ ತೋಟ ಅದು. ಗದ್ದೆಯಲ್ಲಿ ಬೆಳೆ ಒಂದೇ ಎತ್ತರಕ್ಕೆ ಇರುತ್ತದೆ. ಕಾಡುತೋಟದಲ್ಲಿ ಮಹಡಿ ಮಹಡಿಯಾಗಿ ಇರುತ್ತದೆ. ಹೋಟೆಲಿನವರಿಗೆ ಇದನ್ನು ವಿವರಿಸುವುದು ಸುಲಭ. ಮುಂಬಯಿಯ ಸಣ್ಣ ಅಡುಗೆಮನೆಯಲ್ಲಿ ನಾವು ಏನು ಮಾಡುತ್ತೇವೆ? ನೆಲದಲ್ಲಿ ಗೋಣಿಚೀಲ, ಅದರ ಮೇಲೆ ಕಟ್ಟೆ, ಕಟ್ಟೆಯ ಮೇಲೆ ಒಲೆ, ಅದರ ಮೇಲೆ ಶೆಲ್ಫು, ಮೇಲೆ ಅಟ್ಟ. ಜಾಗ ಅಷ್ಟೇ, ಕೆಲಸ ಐದು ಪಟ್ಟು. ಕಾಡುತೋಟವೂ ಹೀಗೆಯೇ. ನಮ್ಮ ಕರಾವಳಿಯ ಹಿತ್ತಲನ್ನೇ ತೆಗೆದುಕೊಂಡರೆ ಏಳು ಮಹಡಿ ಎಣಿಸಬಹುದು.

1. ಎತ್ತರದ ಮರ: ತೆಂಗು, ಹಲಸು, ಕಾಟುಮಾವು, ಬೈನೆ.
2. ನಡು ಎತ್ತರದ ಮರ: ಪುನರ್ಪುಳಿ, ಜೀಗುಜ್ಜೆ, ಅಮಟೆ, ಬಿಂಬುಳಿ, ನುಗ್ಗೆ, ಅಡಿಕೆ.
3. ಪೊದೆ: ಕರಿಬೇವು, ಬಾಳೆ, ನಿಂಬೆ, ಗಾಂಧಾರಿ ಮೆಣಸು.
4. ಸಣ್ಣ ಗಿಡ: ಕೆಸು, ಹರಿವೆ, ತುಳಸಿ, ದೊಡ್ಡಪತ್ರೆ.
5. ನೆಲಕ್ಕೆ ಅಂಟಿ ಹಬ್ಬುವುದು: ಒಂದೆಲಗ.
6. ಮಣ್ಣಿನ ಒಳಗೆ: ಅರಸಿನ, ಶುಂಠಿ, ಮಾವಿನಶುಂಠಿ, ಸುವರ್ಣಗಡ್ಡೆ.
7. ಬಳ್ಳಿ: ಕಾಳುಮೆಣಸು, ವೀಳ್ಯದೆಲೆ, ಬಸಳೆ, ತೊಂಡೆ.

ಈ ಪಟ್ಟಿ ಓದುತ್ತಿದ್ದ ಹಾಗೆ ನಿಮಗೆ ಸಾಂಬಾರು, ಹುಳಿ, ತಂಬುಳಿ, ಪತ್ರೊಡೆ, ಕಡುಬು ಎಲ್ಲ ಕಣ್ಣೆದುರು ಬಂದಿರಬೇಕು. ನಮ್ಮ ಅಡುಗೆ ಹುಟ್ಟಿದ್ದೇ ಇಂಥ ಹಿತ್ತಲಿನಲ್ಲಿ.

ಅದು ಹೇಗೆ ನಡೆಯುತ್ತದೆ?

ಮೇಲಿನ ಮರಕ್ಕೆ ಪೂರ್ತಿ ಬಿಸಿಲು ಬೇಕು. ನಡುವಿನ ಮರಕ್ಕೆ ಅರ್ಧ ಸಾಕು. ಶುಂಠಿ, ಅರಸಿನಕ್ಕೆ ಚೂರು ನೆರಳಾದರೂ ನಡೆಯುತ್ತದೆ. ಮೇಲಿನವನು ಬಿಟ್ಟ ಬಿಸಿಲನ್ನು ಕೆಳಗಿನವನು ಹಿಡಿಯುತ್ತಾನೆ. ಬೇರುಗಳೂ ಹಾಗೆಯೇ. ಬಾಳೆಯ ಬೇರು ಮೇಲುಮಣ್ಣಿನಲ್ಲಿ, ಹಲಸಿನದು ಆಳದಲ್ಲಿ. ಬಿದ್ದ ತರಗೆಲೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಎಲೆಯ ಹೊದಿಕೆ ಇರುವಲ್ಲಿ ನಮ್ಮ ಆಷಾಢದ ಮಳೆ ಮಣ್ಣನ್ನು ಕೊಚ್ಚಿಕೊಂಡು ಹೋಗುವುದಿಲ್ಲ, ಬೇಸಿಗೆಯಲ್ಲಿ ತೇವ ಬೇಗ ಆರುವುದಿಲ್ಲ.

ಇನ್ನೊಂದು ಲಾಭ ವ್ಯಾಪಾರದವರಿಗೆ ಬೇಗ ಅರ್ಥವಾಗುತ್ತದೆ. ಒಂದೇ ಐಟಂ ನಂಬಿ ಹೋಟೆಲು ನಡೆಸಿದರೆ ಆ ಐಟಂ ಬಿದ್ದ ದಿನ ಹೋಟೆಲೂ ಬೀಳುತ್ತದೆ. 1970ರ ಆಸುಪಾಸಿನಲ್ಲಿ ಅಡಿಕೆಯ ಧಾರಣೆ ಕುಸಿದಾಗ ಕರಾವಳಿ ಮಲೆನಾಡಿನ ತೋಟದವರು ಕಂಗಾಲಾದರು. ಬೆಳೆಗಾರರೆಲ್ಲ ಒಂದಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿಕೊಂಡದ್ದು ಆ ಪೆಟ್ಟಿನಿಂದಲೇ. ಈಗಲೂ ಮಳೆ ಹೆಚ್ಚಾದರೆ ಅಡಿಕೆಗೆ ಕೊಳೆರೋಗ. ಅದೇ ತೋಟದಲ್ಲಿ ಕಾಳುಮೆಣಸು, ಬಾಳೆ, ಜಾಯಿಕಾಯಿ, ಪುನರ್ಪುಳಿ ಇದ್ದರೆ ಒಂದು ಕೈ ಕೊಟ್ಟರೂ ಇನ್ನೊಂದು ಕೈ ಹಿಡಿಯುತ್ತದೆ.

ಹೊಸ ಹೆಸರು, ಹಳೆಯ ಸಂಗತಿ

ಇದು ಹೊರದೇಶದಿಂದ ಬಂದ ವಿದ್ಯೆ ಎಂದು ಕೆಲವರು ತಿಳಿದಿದ್ದಾರೆ. ಇಂಗ್ಲೆಂಡಿನ ಶ್ರಾಪ್‌ಶೈರ್ ಎಂಬಲ್ಲಿ ರಾಬರ್ಟ್ ಹಾರ್ಟ್ ಎಂಬವರು ಸುಮಾರು 12 ಸೆಂಟ್ಸ್ ಜಾಗದಲ್ಲಿ ಏಳು ಮಹಡಿಯ ಕಾಡುತೋಟ ಬೆಳೆಸಿ, ಪುಸ್ತಕ ಬರೆದು ಪ್ರಸಿದ್ಧರಾದರು. ಅವರು 2000ದಲ್ಲಿ ತೀರಿಕೊಂಡರು. ಅವರಿಗೆ ದಾರಿ ತೋರಿಸಿದ ಮಾದರಿಗಳಲ್ಲಿ ಒಂದು ನಮ್ಮ ನೆರೆಯ ಕೇರಳದ ಮನೆ ಹಿತ್ತಲು ಎಂಬುದನ್ನು ಅವರೇ ಬರೆದಿದ್ದಾರೆ. ನಮ್ಮದೇ ಗಾದೆ ಇದೆಯಲ್ಲ, ಹಿತ್ತಲ ಗಿಡ ಮದ್ದಲ್ಲ ಎಂದು. ಹಿತ್ತಲು ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ಮದ್ದಾಯಿತು.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸೊಪ್ಪಿನ ಬೆಟ್ಟದ ಪದ್ಧತಿ ಇದೆ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದರು. ಅಲ್ಲಿಂದ ಸೊಪ್ಪು, ತರಗು ತಂದು ತೋಟಕ್ಕೆ ಹಾಕುವುದು. ಒಂದಕ್ಕೆ ಒಂಬತ್ತು! ತೋಟ ಬದುಕಬೇಕಾದರೆ ಅದರ ಬೆನ್ನಿಗೆ ಎಷ್ಟು ಕಾಡು ಬೇಕು ಎಂಬ ಲೆಕ್ಕ ಹಿರಿಯರಿಗೆ ಗೊತ್ತಿತ್ತು. ಅಲ್ಲಿಯ ‘ಕಾನು’ಗಳಲ್ಲಿ ಕಾಳುಮೆಣಸು, ಬೈನೆ, ಹಲಸು, ಮಾವು, ದಾಲ್ಚಿನ್ನಿ ಊರವರ ಕಾಪಿನಲ್ಲಿ ಬೆಳೆಯುತ್ತಿದ್ದವು. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಈ ಸೀಮೆಯ ಮೆಣಸಿನಿಂದಲೇ.

ಅಪ್ಪೆಮಿಡಿಯನ್ನು ಯಾರೂ ನೆಟ್ಟು ಬೆಳೆಸಿದ್ದಲ್ಲ. ಅಘನಾಶಿನಿ, ಶರಾವತಿ, ಬೇಡ್ತಿ, ವರದಾ ಹೊಳೆಗಳ ದಂಡೆಯಲ್ಲಿ ತಾನಾಗಿ ಬೆಳೆದ ಮಾವು ಅದು. ಒಂದೊಂದು ಮರದ್ದು ಒಂದೊಂದು ಪರಿಮಳ. ಮಿಡಿಯ ಸೊನೆಯೇ ಅದರ ಜೀವ. ಇಂದು ಅಪ್ಪೆಮಿಡಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಮನ್ನಣೆ ಇದೆ.

ಬೇಡಿಕೆ ಬಂದಾಗ ಕಾಡಿಗೆ ಏನಾಗುತ್ತದೆ: ಉಪ್ಪಾಗೆಯ ಪಾಠ

ಹೋಟೆಲಿನವರು ಈ ಭಾಗವನ್ನು ಎರಡು ಸಲ ಓದಬೇಕು.

ಪುನರ್ಪುಳಿಯ ಬಳಗದಲ್ಲೇ ಉಪ್ಪಾಗೆ ಎಂಬ ಇನ್ನೊಂದು ಮರವಿದೆ. ಕೇರಳದವರು ಮೀನಿನ ಸಾರಿಗೆ ಹಾಕುವ ಕಪ್ಪು ಹುಳಿ ಇದರ ಸಿಪ್ಪೆಯೇ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಿನಲ್ಲಿ ಬೇಕಾದಷ್ಟು ಇತ್ತು. ಊರವರು ಬೀಜದಿಂದ ತುಪ್ಪ ತೆಗೆಯುತ್ತಿದ್ದರು, ಅಷ್ಟೇ. 1990ರ ದಶಕದಲ್ಲಿ ಇದರ ಸಿಪ್ಪೆಯ ಸಾರ ಮೈಯ ಬೊಜ್ಜು ಕರಗಿಸುತ್ತದೆ ಎಂದು ಹೊರದೇಶಗಳಲ್ಲಿ ಸುದ್ದಿಯಾಯಿತು. ಗುಳಿಗೆಯ ವ್ಯಾಪಾರ ಶುರುವಾಯಿತು, ಸಿಪ್ಪೆಯ ಬೆಲೆ ಏರಿತು. ಕಾಡಿನಲ್ಲಿ ಯಾರು ಮೊದಲು ಕೊಯ್ದರೆ ಅವರಿಗೆ ಎಂಬ ಹಾಗಾಯಿತು. ಹಣ್ಣಾಗುವವರೆಗೆ ಕಾದವನಿಗೆ ಏನೂ ಇಲ್ಲ. ಕಾಯಿಯನ್ನೇ ಕಿತ್ತರು, ಕೈಗೆಟುಕದ ಕೊಂಬೆಯನ್ನೇ ಕಡಿದರು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲಿಲ್ಲ. ಸಿಪ್ಪೆ ಒಣಗಿಸಲು ದಿನರಾತ್ರಿ ಸೌದೆ ಉರಿಸಿದರು. ಒಂದು ಮರದ ಹಣ್ಣಿಗಾಗಿ ಬೇರೆ ಮರ ಬೂದಿಯಾಯಿತು. ಆಮೇಲೆ ಬೆಲೆ ಇಳಿಯಿತು. ಕೊಂಡವರು ಎಲ್ಲೋ ದೂರದಲ್ಲಿದ್ದರು, ಅವರಿಗೆ ಈ ಕಾಡು ಯಾವುದೆಂದೇ ಗೊತ್ತಿರಲಿಲ್ಲ. ಕೊನೆಗೆ ಅಲ್ಲಿಯ ಸ್ವಯಂಸೇವಾ ಸಂಸ್ಥೆಗಳು, ಗ್ರಾಮ ಅರಣ್ಯ ಸಮಿತಿಗಳು ಸೇರಿ ಕಡಿಮೆ ಸೌದೆಯ ಒಲೆ, ಹಣ್ಣಾದ ಮೇಲೆಯೇ ಕೊಯ್ಯುವ ಕಟ್ಟುಪಾಡು ಇವನ್ನೆಲ್ಲ ತರಬೇಕಾಯಿತು.

ಪಾಠ ಇಷ್ಟೇ. ಬೇಡಿಕೆ ಇದ್ದರೆ ಮರ ಉಳಿಯುತ್ತದೆ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಅದು ಅರ್ಧ ಸತ್ಯ. ಕೊಳ್ಳುವವನಿಗೂ ಬೆಳೆಯುವವನಿಗೂ ಪರಿಚಯವಿಲ್ಲದೆ ಬಂದ ಬೇಡಿಕೆ ಮರವನ್ನು ಕೊಲ್ಲಲೂಬಹುದು. ನಾಳೆ ನಮ್ಮ ನೂರು ಹೋಟೆಲುಗಳು ಒಟ್ಟಿಗೆ ಅಪ್ಪೆಮಿಡಿ ಬೇಕೆಂದು ದಲ್ಲಾಳಿಗೆ ಹೇಳಿದರೆ ಹೊಳೆದಂಡೆಯ ಮರಗಳ ಗತಿ ಏನು, ಯೋಚಿಸಿ. ನಮಗೆ ಬೇಕಾದದ್ದು ಮಾಲು ಮಾತ್ರವಲ್ಲ, ಮಾಲು ಬೆಳೆದವನ ಪರಿಚಯ.

ಬೆಳೆಗಾರರನ್ನು ಜೋಡಿಸಿದವರು

ಕಾಡುತೋಟದವರು ಒಬ್ಬೊಬ್ಬರೂ ಒಂದೊಂದು ಗುಡ್ಡದ ಮೇಲೆ ಒಂಟಿಯಾಗಿರುತ್ತಾರೆ. ಒಬ್ಬನ ಬಳಿ 20 ಹಲಸು, ಇನ್ನೊಬ್ಬನ ಬಳಿ ಆರು ಪುನರ್ಪುಳಿ. ಯಾವುದೂ ಲೋಡು ಆಗುವುದಿಲ್ಲ, ಆದ್ದರಿಂದ ಮಾರ್ಕೆಟಿಗೆ ಬರುವುದಿಲ್ಲ, ಆದ್ದರಿಂದ ಕೊಳೆಯುತ್ತದೆ. ಇವರನ್ನು ಜೋಡಿಸುವ ಕೆಲಸ ನಮ್ಮ ನಾಡಿನಲ್ಲಿ ಹಲವರು ಮಾಡಿದ್ದಾರೆ. ಒಬ್ಬೊಬ್ಬರಿಂದಲೂ ನಾವು ಕಲಿಯುವುದಿದೆ.

ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ಬೆಳೆದವನೇ ಬರೆಯುವುದು, ಬೆಳೆಯುವವನೇ ಓದುವುದು. ಅದರ ಸಂಪಾದಕ ಶ್ರೀಪಡ್ರೆಯವರು ಹಲಸಿನ ವಿಷಯವನ್ನು ವರ್ಷಗಟ್ಟಲೆ ಹಿಡಿದು ಬರೆದರು. ಕೊಳೆತು ಹೋಗುವ ಹಣ್ಣು ಎಂಬ ತಾತ್ಸಾರ ಕಡಿಮೆಯಾಗಿ ಊರೂರಲ್ಲಿ ಹಲಸಿನ ಮೇಳ ನಡೆಯುವಂತಾಯಿತು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಎಂದು ಸಾರಿತು. ಪಾಠ: ಒಂದು ಸಣ್ಣ ಪತ್ರಿಕೆ ಕೂಡ ಜನರನ್ನು ಜೋಡಿಸಬಲ್ಲದು. ನಮ್ಮ ಈ ಪತ್ರಿಕೆಯೂ ಸಣ್ಣದೇ.

ಶಿರಸಿಯಲ್ಲಿ 2001ರಿಂದ ‘ವನಸ್ತ್ರೀ’ ಎಂಬ ಹೆಂಗಸರ ಗುಂಪು ಕೆಲಸ ಮಾಡುತ್ತಿದೆ. ಮಲೆನಾಡಿನ ಹಿತ್ತಲಿನ ಬೀಜ, ಗಡ್ಡೆ, ಬಳ್ಳಿಗಳನ್ನು ಕೈಯಿಂದ ಕೈಗೆ ದಾಟಿಸುವುದು ಇವರ ಕೆಲಸ. ಮಲೆನಾಡ ಮೇಳ ನಡೆಸುತ್ತಾರೆ. ಪಾಠ: ಹಿತ್ತಲಿನ ನಿಜವಾದ ಯಜಮಾನರು ಹೆಂಗಸರು. ನಾವು ಊರಿಗೆ ಹೋದಾಗ ಜಗಲಿಯಲ್ಲಿ ಗಂಡಸರ ಹತ್ತಿರ ರೇಟು ಮಾತಾಡಿ ಬರುತ್ತೇವೆ. ಯಾವ ಮರದ ಹಣ್ಣು ಹಪ್ಪಳಕ್ಕೆ, ಯಾವುದು ಉಪ್ಪುಸೊಳೆಗೆ ಎಂದು ಗೊತ್ತಿರುವುದು ಒಳಗೆ ಇರುವವರಿಗೆ.

ದೊಡ್ಡಬಳ್ಳಾಪುರ ತಾಲೂಕಿನ ತೂಬಗೆರೆಯಲ್ಲಿ ಹಲಸು ಬೆಳೆಗಾರರು ಸಂಘ ಕಟ್ಟಿಕೊಂಡರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜೊತೆಗೆ ನಿಂತಿತು. ಮರದ ಮೇಲೇ ಇಡೀ ಫಸಲನ್ನು ಚಿಲ್ಲರೆ ಕಾಸಿಗೆ ದಲ್ಲಾಳಿಗೆ ಕೊಡುತ್ತಿದ್ದವರು ತಾವೇ ಮಾರುವುದನ್ನು ಕಲಿತರು. ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಚೇಳೂರಿನ ಒಂದು ಹಲಸಿನ ಮರದ ಕತೆಯಂತೂ ನಿಮಗೆ ಗೊತ್ತಿರಬಹುದು. ತಾಮ್ರಗೆಂಪು ತೊಳೆಯ ಸಣ್ಣ ಹಣ್ಣು, ಎರಡೂವರೆ ಕಿಲೋ ಒಳಗೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅದನ್ನು ಗುರುತಿಸಿ, ಮರ ನೆಟ್ಟ ಹಿರಿಯರ ನೆನಪಿಗೆ ‘ಸಿದ್ದು’ ಎಂದು ಹೆಸರಿಟ್ಟು, 2017ರಲ್ಲಿ ಆ ಮನೆಯವರ ಜೊತೆ ಒಪ್ಪಂದ ಮಾಡಿಕೊಂಡರು. ಕಸಿ ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ಬೆಳೆಗಾರನಿಗೇ. ಪಾಠ: ಒಂದೇ ಒಂದು ಹಿತ್ತಲ ಮರ ಒಂದು ಸಂಸಾರವನ್ನು ಎತ್ತಬಹುದು, ಯಾರಾದರೂ ಅದರ ರುಚಿ ನೋಡಿ ಹೇಳಬೇಕು. ರುಚಿ ನೋಡುವ ನಾಲಿಗೆ ನಮ್ಮ ಕಸುಬಿನವರದ್ದೇ ಅಲ್ಲವೇ?

ಉಡುಪಿಯ ಮಟ್ಟುಗುಳ್ಳ ಮರದ್ದಲ್ಲ, ಗದ್ದೆಯದ್ದು. ಆದರೂ ಹೇಳಬೇಕು. 2011ರಲ್ಲಿ ಜಿಐ ಸಿಕ್ಕಿತು. ಬೆಳೆಗಾರರ ಸಂಘದವರು ಗುಳ್ಳ ವಿಂಗಡಿಸಿ, ಚೀಟಿ ಅಂಟಿಸಿ ಮಾರುತ್ತಾರೆ. ಬೇರೆ ಕಡೆಯ ಬದನೆಯನ್ನು ಮಟ್ಟುಗುಳ್ಳ ಎಂದು ದಾಟಿಸುವವರಿಗೆ ಅದೇ ಉತ್ತರ.

ಹೈದರಾಬಾದಿನ ಸದಸ್ಯರಿಗೆ ಒಂದು ಮಾತು. ನಿಮ್ಮ ಊರಿನಲ್ಲಿ 2017ರಲ್ಲಿ ಪರ್ಮಾಕಲ್ಚರ್‌ನವರ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಬೇರೆ ಬೇರೆ ದೇಶದ ಕಾಡುತೋಟದವರು ಸೇರಿದ್ದರು. ಜಹೀರಾಬಾದ್ ಕಡೆ ಒಣಭೂಮಿಯಲ್ಲಿ ಇಂಥ ತೋಟ ಮಾಡಿದವರಿದ್ದಾರೆ. ಮಲೆನಾಡಿನಲ್ಲಿ ಮಾತ್ರ ಆಗುವ ಕೆಲಸ ಇದಲ್ಲ. ಅಲ್ಲಿ ಹುಣಸೆ, ಸೀತಾಫಲ, ನೆಲ್ಲಿ, ನುಗ್ಗೆ, ಅಷ್ಟೇ ವ್ಯತ್ಯಾಸ.

ನಮ್ಮ ಮೊದಲ ವರ್ಷದ ತಪ್ಪುಗಳು

2020ರಲ್ಲಿ ಲಾಕ್‌ಡೌನ್ ಆದಾಗ ಹೋಟೆಲಿಗೆ ಬೀಗ ಹಾಕಿ ಊರಿಗೆ ಹೋಗಿ ಕೂತೆವು. ಅದು ಹಲಸಿನ ಕಾಲ. ನೆರೆಮನೆಯ ಹಿತ್ತಲಿನಲ್ಲಿ ಹಣ್ಣು ಬಿದ್ದು ಒಡೆದು ನೊಣ ಮುತ್ತುವುದನ್ನು ದಿನವೂ ನೋಡಿದೆವು. ಮುಂಬಯಿಯಲ್ಲಿ ಡಬ್ಬಿಗೆ ಕೊಟ್ಟ ದುಡ್ಡು ನೆನಪಾಯಿತು. ಹೋಟೆಲು ಮತ್ತೆ ತೆರೆದ ಮೇಲೆ ಊರಿನ ಏಳು ಮನೆಯವರ ಹತ್ತಿರ ಮಾತಾಡಿ, ಗುಜ್ಜೆ ಮತ್ತು ಪುನರ್ಪುಳಿ ಕಳಿಸಿ ಎಂದೆವು.

ಮೊದಲ ವರ್ಷ ಪೂರ್ತಿ ಎಡವಟ್ಟು. ಯಾವ ವಾರ ಎಷ್ಟು ಬೇಕು ಎಂದು ನಾವು ಹೇಳಿರಲಿಲ್ಲ. ಒಂದೇ ಬಸ್ಸಿನಲ್ಲಿ 40 ಗುಜ್ಜೆ ಬಂತು. ತೊಟ್ಟು ಮುರಿದು ಮೇಣ ಸೋರಿ ಅರ್ಧ ಕಪ್ಪಾಗಿತ್ತು. ಉಳಿದದ್ದನ್ನು ಎರಡು ದಿನದಲ್ಲಿ ಮುಗಿಸಬೇಕಾಗಿ ಬಂದು, ಮೂರನೆಯ ದಿನ ಬೋರ್ಡಿನಲ್ಲಿ ಬರೆದ ಗುಜ್ಜೆ ಪಲ್ಯ ಅಡುಗೆಮನೆಯಲ್ಲಿ ಇರಲಿಲ್ಲ. ಹಾಳಾದದ್ದಕ್ಕೆ ದುಡ್ಡು ಕೊಡುವುದು ಹೇಗೆ ಎಂದು ನಾವು ಎಳೆದಾಡಿದೆವು. ಕೊಡಬೇಕಾದ್ದನ್ನೂ ಎರಡು ತಿಂಗಳು ತಡಮಾಡಿ ಕೊಟ್ಟೆವು. ಮಾರ್ಕೆಟಿನಲ್ಲಿ ಉದ್ರಿ ನಡೆಯುತ್ತದೆ, ಹಳ್ಳಿಯ ಮನೆಯಲ್ಲಿ ನಡೆಯುವುದಿಲ್ಲ. ಮುಂದಿನ ವರ್ಷ ಏಳರಲ್ಲಿ ನಾಲ್ಕು ಮನೆಯವರು ಫೋನು ಎತ್ತಲಿಲ್ಲ. ಅವರಲ್ಲಿ ಒಬ್ಬರು ಎರಡು ಮರ ಕಡಿದು ಮಾರಿದ್ದರು. ಕೇಳಿದರೆ, “ನೀವಾದರೂ ತಕ್ಕೊಳ್ತೀರಿ ಅಂತ ಒಂದು ವರ್ಷ ಇಟ್ಟಿದ್ದೆವು, ಶೆಟ್ರೆ” ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಆ ಎರಡು ಮರ ನಮ್ಮ ಲೆಕ್ಕಕ್ಕೇ ಸೇರಬೇಕು.

ಎರಡನೆಯ ವರ್ಷ ಕಟ್ಟುಪಾಡು ಬದಲಿಸಿದೆವು. ಊರಿನಲ್ಲಿ ಒಬ್ಬ ಹುಡುಗನನ್ನು ನೋಡಿಕೊಳ್ಳಲು ಇಟ್ಟೆವು. ಅವನು ಮನೆಮನೆಗೆ ಹೋಗಿ ಎಣಿಸಿ, ತೂಗಿ, ತೊಟ್ಟು ಉಳಿಸಿ ಕೊಯ್ಯಿಸುತ್ತಾನೆ. ತೂಕವಾದ ದಿನವೇ ದುಡ್ಡು. ದಾರಿಯಲ್ಲಿ ಹಾಳಾದರೆ ನಷ್ಟ ನಮ್ಮದು. ಇಡೀ ಗುಜ್ಜೆ ಕಳಿಸುವ ಬದಲು ಊರಿನಲ್ಲೇ ಹೆಂಗಸರು ಸಿಪ್ಪೆ ತೆಗೆದು ಉಪ್ಪುನೀರಿನಲ್ಲಿ ಹಾಕಿ ಡ್ರಮ್ಮಿನಲ್ಲಿ ಕಳಿಸುತ್ತಾರೆ. ತೂಕ ಕಮ್ಮಿ, ಸಾಗಾಟ ಕಮ್ಮಿ, ಅವರಿಗೆ ಕೂಲಿಯೂ ಆಯಿತು, ನಮ್ಮ ಭಟ್ಟರಿಗೆ ಮೇಣದ ಕಾಟವೂ ತಪ್ಪಿತು. ಈಗ ಒಂಬತ್ತು ಮನೆಗಳಿವೆ. ಲಾಭ ದೊಡ್ಡದೇನಲ್ಲ. ಆದರೆ ಹಿರಿಯ ಗಿರಾಕಿಯವರು ಈಗ ಎರಡು ಲೋಟ ಸಾರು ಕೇಳುತ್ತಾರೆ.

ಹೋಟೆಲಿನವರು ಮಾಡಬಹುದಾದದ್ದು

ಒಂದು: ಮೆನುವಿಗೆ ತಕ್ಕ ಹಾಗೆ ಮರ ಹುಡುಕಬೇಡಿ, ಮರದ ಕಾಲಕ್ಕೆ ತಕ್ಕ ಹಾಗೆ ಮೆನು ಬರೆಯಿರಿ. ನಮ್ಮ ಬೋರ್ಡು ಹೀಗಿದೆ. ಜನವರಿಯಿಂದ ಮಾರ್ಚ್: ಗುಜ್ಜೆ, ಸುವರ್ಣಗಡ್ಡೆ, ಹೊಸ ಕಾಳುಮೆಣಸು. ಏಪ್ರಿಲ್, ಮೇ: ಕಾಟುಮಾವಿನ ಗೊಜ್ಜು, ಹೊಸ ಪುನರ್ಪುಳಿ. ಮೇ ಕೊನೆಯಿಂದ ಜುಲೈ: ಹಲಸಿನ ಮುಳಕ, ಗಟ್ಟಿ, ಬೀಜದ ಸಾರು. ಮಳೆಗಾಲ: ಪತ್ರೊಡೆ, ಜೀಗುಜ್ಜೆ ಪೋಡಿ, ಒಂದೆಲಗದ ತಂಬುಳಿ, ಅರಸಿನ ಎಲೆಯ ಕಡುಬು, ಕೊನೆಗೆ ಅಮಟೆ. ಮುಗಿದ ದಿನ ‘ಮುಗಿಯಿತು, ಮುಂದಿನ ವರ್ಷ’ ಎಂದು ಬರೆಯಲು ನಾಚಿಕೆ ಬೇಡ. ಗಿರಾಕಿ ಕಾಯುತ್ತಾನೆ.

ಎರಡು: ಕೊಯ್ಲಿನ ಕ್ರಮ ಕೇಳಿ ತಿಳಿದುಕೊಳ್ಳಿ. ಅಪ್ಪೆಮಿಡಿ ನೆಲಕ್ಕೆ ಬಿದ್ದರೆ ಪೆಟ್ಟಾಗಿ ಇಡೀ ಭರಣಿಯನ್ನೇ ಕೆಡಿಸುತ್ತದೆ. ಮರ ಹತ್ತಿ ತೊಟ್ಟಿನ ಸಮೇತ ಕೊಯ್ದು ಚೀಲದಲ್ಲಿ ಇಳಿಸಬೇಕು. ಪುನರ್ಪುಳಿಯ ಸಿಪ್ಪೆಯನ್ನು ಅದರ ರಸದಲ್ಲೇ ಅದ್ದಿ ಅದ್ದಿ ಮಳೆ ಬರುವ ಮೊದಲು ಬಿಸಿಲಿಗೆ ಒಣಗಿಸಬೇಕು. ಕಷ್ಟ ಗೊತ್ತಾದರೆ ರೇಟಿನಲ್ಲಿ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಮೂರು: ಕಾನೂನು ಮರೆಯಬೇಡಿ. ಸ್ವಂತ ಹಿತ್ತಲಿನ ಹಣ್ಣು ಬೇರೆ, ಸರಕಾರಿ ಕಾಡಿನದ್ದು ಬೇರೆ. ಕಾಡಿನ ಕಿರು ಉತ್ಪನ್ನ ಬೇಕಾದರೆ ಅದಕ್ಕೆ ಹಕ್ಕುಳ್ಳ ಲ್ಯಾಂಪ್ಸ್ ಸೊಸೈಟಿಯಂಥವರಿಂದ ಬಿಲ್ಲಿನಲ್ಲೇ ಕೊಳ್ಳಿ. ಉಪ್ಪಿನಕಾಯಿ, ಹಪ್ಪಳ, ಸ್ಕ್ವಾಷ್ ಮಾಡಿ ಮಾರುವ ಮನೆಯವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆ ಕಾಗದ ಪತ್ರ ನಮಗೆ ಅಭ್ಯಾಸ, ಅವರಿಗೆ ಹೊಸದು. ಅರ್ಜಿ ತುಂಬಿಸಿ ಕೊಡುವುದು ನಾವು ಮಾಡಬಹುದಾದ ಸಣ್ಣ ಉಪಕಾರ.

ನಾಲ್ಕು: ಹತ್ತಿರದ್ದನ್ನೂ ನೋಡಿ. ಮುಂಬಯಿ, ಪುಣೆಯವರಿಗೆ ರತ್ನಾಗಿರಿ, ಸಿಂಧುದುರ್ಗದ ಕೋಕಮ್ ಪಕ್ಕದಲ್ಲೇ ಇದೆ. ನಮ್ಮ ಪುನರ್ಪುಳಿಯೂ ಅದೂ ಒಂದೇ ಮರ. ಊರಿನದ್ದೇ ಆಗಬೇಕು ಎಂಬ ಹಟ ಬೇಡ, ಬೆಳೆದವನ ಮುಖ ಗೊತ್ತಿರಬೇಕು ಎಂಬ ಹಟ ಇರಲಿ.

ನಮ್ಮದೇ ಹಿತ್ತಲು

ಕೊನೆಯ ಮತ್ತು ಮುಖ್ಯವಾದ ಪಾಠ. ನಮ್ಮಲ್ಲಿ ಎಷ್ಟು ಜನರಿಗೆ ಊರಿನಲ್ಲಿ ಬೀಗ ಹಾಕಿದ ಮನೆ ಇದೆ, ಲೆಕ್ಕ ಹಾಕಿ. ದೇವರ ಕಾರ್ಯಕ್ಕೆ ವರ್ಷಕ್ಕೊಮ್ಮೆ ಹೋಗುತ್ತೇವೆ. ಹಿತ್ತಲು ಕಾಡು ಹತ್ತಿದೆ ಎಂದು ಕಡಿಸಿ ಅಕೇಶಿಯಾ ಅಥವಾ ರಬ್ಬರು ಹಾಕಿಸುತ್ತೇವೆ, ಇಲ್ಲವೇ ಇಂಟರ್‌ಲಾಕ್ ಹಾಸಿ ಕಾರು ನಿಲ್ಲಿಸುತ್ತೇವೆ. ಹತ್ತು ಸೆಂಟ್ಸ್ ಎಂದರೆ 66 ಅಡಿ ಉದ್ದ, 66 ಅಡಿ ಅಗಲ. ಅಷ್ಟು ಜಾಗದಲ್ಲಿ ಏನೇನು ಆಗುತ್ತದೆ ನೋಡಿ.

ಉತ್ತರದ ಅಂಚಿಗೆ ಒಂದು ಹಲಸು, ಒಂದು ಮಾವು. ಎರಡರ ನಡುವೆ 30 ಅಡಿಗೆ ಕಮ್ಮಿ ಇಲ್ಲದ ಹಾಗೆ. ಎತ್ತರದ್ದು ಉತ್ತರಕ್ಕೆ ಇದ್ದರೆ ಚಳಿಗಾಲ, ಬೇಸಿಗೆಯ ಶುರುವಿನ ಬಿಸಿಲು ಉಳಿದ ಗಿಡಗಳಿಗೆ ಸಿಗುತ್ತದೆ. ಬದಿಗಳಲ್ಲಿ 25 ಅಡಿಗೆ ಒಂದರಂತೆ ಎರಡು ಮೂರು ತೆಂಗು. ಒಳಗೆ 20 ಅಡಿ ಬಿಟ್ಟು ಎರಡು ಪುನರ್ಪುಳಿ, ಒಂದು ಜೀಗುಜ್ಜೆ. ನಡುವೆ ನುಗ್ಗೆ, ಕರಿಬೇವು, ಬಾಳೆ. ಬಾಳೆ ಮೊದಲ ವರ್ಷವೇ ನೆರಳು ಕೊಟ್ಟು ಸಣ್ಣ ಗಿಡಗಳನ್ನು ಕಾಯುತ್ತದೆ. ನೆಲದಲ್ಲಿ ಅರಸಿನ, ಶುಂಠಿ, ಕೆಸು, ಒಂದೆಲಗ. ತೆಂಗಿಗೆ ಕಾಳುಮೆಣಸಿನ ಬಳ್ಳಿ.

ಒಂದು ಎಚ್ಚರಿಕೆ. ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಹುಟ್ಟಿದ ಗಿಡಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡಾಗುತ್ತವೆ. ಏಳೆಂಟು ವರ್ಷ ನೀರು ಹಾಕಿದ ಮೇಲೆ ಅದು ಗೊತ್ತಾಗುವುದು. ಆದ್ದರಿಂದ ಹೆಣ್ಣು ಮರದ ಕಸಿ ಗಿಡವನ್ನೇ ತನ್ನಿ. ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದವರು ‘ಕೊಂಕಣ ಅಮೃತಾ’ ಎಂಬ ತಳಿ ಕೊಟ್ಟಿದ್ದಾರೆ. ಹಲಸೂ ಕಸಿಯದ್ದಾದರೆ ಮೂರು ನಾಲ್ಕು ವರ್ಷಕ್ಕೆ ಫಲ ಶುರು. ಮೊದಲ ಎರಡು ಬೇಸಿಗೆ ನೀರು ಕೊಡಲು ಊರಿನಲ್ಲಿ ಒಬ್ಬರು ಬೇಕು. ಅವರಿಗೆ ಫಲದಲ್ಲಿ ಪಾಲು ಬರೆದುಕೊಡಿ. ಬರೀ ಸಂಬಳಕ್ಕೆ ಗಿಡ ಬದುಕುವುದಿಲ್ಲ.

ಸಂಘಕ್ಕೆ ನಮ್ಮ ವಿನಂತಿ

ಕಾರ್ಯಕಾರಿ ಸಮಿತಿಯವರ ಮುಂದೆ ಎರಡು ವಿನಂತಿ ಇಡುತ್ತೇವೆ. ಮೊದಲನೆಯದು, ಸದಸ್ಯರಲ್ಲಿ ಯಾರಿಗೆ ಊರಿನಲ್ಲಿ ಹಿತ್ತಲು ಇದೆ, ಅದರಲ್ಲಿ ಯಾವ ಹಳೆಯ ಮರಗಳಿವೆ, ಅಕ್ಕಪಕ್ಕದಲ್ಲಿ ಮಾರಲು ಇಷ್ಟವಿರುವ ಮನೆಗಳು ಎಷ್ಟು, ಇಷ್ಟನ್ನು ಒಂದು ಪಟ್ಟಿ ಮಾಡಿ ಕಚೇರಿಯಲ್ಲಿ ಇಡೋಣ. ಎರಡನೆಯದು, ಈ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೆ ಅರ್ಧ ಪುಟ ಬಿಡೋಣ: ಯಾವ ಊರಿನಲ್ಲಿ ಯಾವುದು ಬಲಿತಿದೆ, ಯಾವ ಹೋಟೆಲಿಗೆ ಎಷ್ಟು ಬೇಕು. ಮನೆಯವರ ಒಪ್ಪಿಗೆ ಪಡೆದೇ ಹಾಕೋಣ. ದುಡ್ಡಿನ ವ್ಯವಹಾರ ಅವರವರ ನಡುವೆ. ಸಂಘದ ಕೆಲಸ ಪರಿಚಯ ಮಾಡಿಸುವುದು ಮಾತ್ರ.

ಕಳೆದ ಮಳೆಗಾಲದಲ್ಲಿ ನಾವು ಊರಿಗೆ ಹೋಗಿ, ಕಡಿಸಿದ ನಾಲ್ಕು ಮರದ ಜಾಗದಲ್ಲಿ ನಾಲ್ಕು ಕಸಿ ಹಲಸು ನೆಟ್ಟು ಬಂದೆವು. ಒಂದು ದನದ ಬಾಯಿಗೆ ಹೋಯಿತು, ಮೂರು ಚಿಗುರಿವೆ. ಅಮ್ಮನಿಗೆ ಈಗ ಎಂಬತ್ತರ ಮೇಲಾಯಿತು. ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಮೂರನ್ನೂ ಕಾಯುತ್ತಿದ್ದಾರೆ. ಫೋನು ಮಾಡಿದಾಗ ನಮ್ಮ ಆರೋಗ್ಯಕ್ಕಿಂತ ಮೊದಲು ಗಿಡಕ್ಕೆ ಎಷ್ಟು ಎಲೆ ಬಂತು ಎಂಬುದನ್ನೇ ಹೇಳುತ್ತಾರೆ. ನಾಲ್ಕನೆಯದನ್ನು ಬರುವ ಜೂನಿನಲ್ಲಿ ಮತ್ತೆ ನೆಡಬೇಕು, ಬೇಲಿ ಹಾಕಿಸಿ.